ನಲವತ್ತು ನಿಮಿಷ ಎಂದು ಬರೆದದ್ದು

ಚಾಮರಾಜನಗರದ ಹೊರಗೆ, ಕೈಗಾರಿಕೆಗೆಂದು ಬಿಟ್ಟ ಜಾಗದಲ್ಲಿ, ತಗಡಿನ ಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ನಾವು ಮಾಡುವುದು ಬಿಲ್ಲೆ. ಅಂಗೈಯಷ್ಟು ಅಗಲ, ಬೆರಳಿನ ಅರ್ಧದಷ್ಟು ದಪ್ಪ. ನೋಡಿದವರು ಗಾಜು ಎನ್ನುತ್ತಾರೆ, ಗಾಜಲ್ಲ. ಬಿಳಿ ಪುಡಿಯನ್ನು ಅಚ್ಚಿನಲ್ಲಿ ರೂಪಿಸಿ, ಸುಟ್ಟು, ಉಜ್ಜಿ ಹೊಳಪು ಕೊಟ್ಟ ಪಿಂಗಾಣಿ. ಸರಿಯಾಗಿ ಬಂದರೆ ಅದರ ಕೆಳಗಿಟ್ಟ ಪತ್ರಿಕೆಯ ಸಣ್ಣಕ್ಷರವನ್ನೂ ಓದಬಹುದು. ದೊಡ್ಡ ಕುಲುಮೆಯ ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದ ನೋಡಲು ಒಂದು ಕಿಟಕಿ ಬೇಕಲ್ಲ, ಮಾಮೂಲಿ ಗಾಜು ಕರಗಿಹೋಗುವ ಕಡೆ, ಅಲ್ಲಿಗೆ ಈ ಬಿಲ್ಲೆ. ನಮ್ಮ ಊರು ತೆರಕಣಾಂಬಿಯಲ್ಲಿ ಕೆಲಸ ಏನೆಂದು ಯಾರಾದರೂ ಕೇಳಿದರೆ "ಪಿಂಗಾಣಿ ಫ್ಯಾಕ್ಟರಿ" ಎಂದಷ್ಟೇ ಹೇಳುತ್ತೇನೆ. ಅವರು ಕಾಫಿ ಕಪ್ಪು ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ತಿದ್ದಲು ಹೋಗದೆ ಬಿಟ್ಟದ್ದು ಇನ್ನೊಂದಿತ್ತು. ಅದು ಇಷ್ಟು ಹಗುರದ್ದಲ್ಲ.

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದವಳು. ಕಾರ್ಖಾನೆಯಲ್ಲಿ ನನ್ನ ಜವಾಬ್ದಾರಿ ಪುಡಿಯಿಂದ ಅಚ್ಚಿನವರೆಗೆ. ಸೇರಿದಾಗ ಪುಡಿಯನ್ನು ಉಕ್ಕಿನ ಅಚ್ಚಿಗೆ ತುಂಬಿ ಮೇಲಿನಿಂದ ಯಂತ್ರದಲ್ಲಿ ಒತ್ತುತ್ತಿದ್ದೆವು. ಬೇಗ ಆಗುವ ಕೆಲಸ, ಗಂಟೆಗೆ ಹತ್ತಾರು ಬಿಲ್ಲೆ. ಆದರೆ ಒಣ ಪುಡಿ ಅಚ್ಚಿನ ಗೋಡೆಗೆ ಉಜ್ಜಿಕೊಳ್ಳುತ್ತದೆ. ಮೇಲೆ ಬಿಗಿಯಾಗುತ್ತದೆ, ಕೆಳಗೆ ಸಡಿಲ ಉಳಿಯುತ್ತದೆ. ಸುಟ್ಟು ಉಜ್ಜಿದ ಮೇಲೆ ಅಂಚಿನ ಸುತ್ತ ಮಂಜಿನ ಬಳೆಯಂಥದ್ದು ಕಾಣುತ್ತಿತ್ತು. ಒಮ್ಮೊಮ್ಮೆ ಈರುಳ್ಳಿ ಪದರದ ಹಾಗೆ ಬಿಲ್ಲೆ ಅಡ್ಡಡ್ಡಲಾಗಿ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಒತ್ತಿದ ಬಿಲ್ಲೆಯನ್ನು ರಬ್ಬರ್ ಚೀಲದಲ್ಲಿ ಕಟ್ಟಿ, ನೀರು ತುಂಬಿದ ದಪ್ಪ ಉಕ್ಕಿನ ಕೊಳವೆಯಲ್ಲಿ ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುವುದನ್ನು ಮಾಡಿ ನೋಡಿದೆವು. ಮಂಜಿನ ಬಳೆ ಹೋಯಿತು. ಆದರೆ ಆ ಯಂತ್ರ ನಮ್ಮದಲ್ಲ, ಬೇರೆ ಊರಿನದು, ಅವರು ಬಿಡುವು ಕೊಟ್ಟಾಗ ಹೋಗಿ ಮಾಡಿಸಿಕೊಂಡು ಬರಬೇಕು. ಕೊನೆಗೆ ಮಾಲೀಕರು ಎರಕಕ್ಕೆ ಬಂದರು. ಪುಡಿಯನ್ನು ನೀರಿನಲ್ಲಿ ನುಣ್ಣಗೆ ಕಲಸಿ, ಪ್ಲಾಸ್ಟರಿನ ಅಚ್ಚಿಗೆ ಹುಯ್ಯುವುದು. ಪ್ಲಾಸ್ಟರು ನೀರನ್ನು ಹೀರಿಕೊಳ್ಳುತ್ತದೆ, ಕಣಗಳು ತಾವಾಗಿಯೇ ಒಂದರ ಪಕ್ಕ ಒಂದು ಕೂತುಕೊಳ್ಳುತ್ತವೆ. ಒತ್ತಾಯವಿಲ್ಲದೆ ಕೂತ ಕಣ ಚೆನ್ನಾಗಿ ಕೂರುತ್ತದೆ.

ಮಾಲೀಕರು ಮೈಸೂರಿನವರು, ಐವತ್ತು ದಾಟಿದ ಇಂಜಿನಿಯರು, ಮಾತು ಕಡಿಮೆ. ಹೊಸಬರು ಬಂದಾಗ ಒಂದು ಮಾತನ್ನು ಮಾತ್ರ ತಪ್ಪದೆ ಹೇಳುತ್ತಿದ್ದರು: "ಅಚ್ಚಿನಲ್ಲಿ ಆದ ತಪ್ಪನ್ನ ಬೆಂಕಿ ಸರಿ ಮಾಡಲ್ಲ. ಎತ್ತಿ ತೋರಿಸುತ್ತೆ ಅಷ್ಟೆ."

ಎರಕಕ್ಕೆ ಕೈ ಬೇಕಿತ್ತು. ಹಾಗೆ ಬಂದವರು ಶೆಟ್ಟರು. ಚಂದಕವಾಡಿ ಕಡೆಯ ಕುಂಬಾರರು, ಆಗಲೇ ಐವತ್ತೈದು ದಾಟಿತ್ತು. ಮಡಕೆ ಕೇಳುವವರು ಕಡಿಮೆಯಾಗಿ ವರ್ಷಗಳೇ ಆಗಿದ್ದವು. ಪ್ಲಾಸ್ಟರು ಅವರಿಗೆ ಹೊಸದು, ಆದರೆ ಎರಡೇ ವಾರದಲ್ಲಿ ಅಚ್ಚನ್ನು ಮುಟ್ಟಿ ನೋಡಿ ಅದು ಎಷ್ಟು ನೀರು ಕುಡಿದಿದೆ, ಇನ್ನೆಷ್ಟು ಕುಡಿಯುತ್ತದೆ ಎಂದು ಹೇಳುವಂತಾದರು. ನಾನು ಅದನ್ನು ತೂಕ ಹಾಕಿ ತಿಳಿಯುತ್ತಿದ್ದೆ. ಕಲಸಿದ ಪುಡಿಗೆ ನಾವೆಲ್ಲ ಸ್ಲಿಪ್ ಎನ್ನುತ್ತಿದ್ದೆವು, ಅವರು ಹಾಲು ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು 'ಆಲು'. ಮೊದಮೊದಲು ನನ್ನನ್ನು "ಮೇಡಮ್ನೋರೆ" ಎಂದು ಕರೆದರು. ನಾನು ತೆರಕಣಾಂಬಿಯವಳು ಎಂದು ಗೊತ್ತಾದ ಮೇಲೆ "ಅವ್ವ" ಆಯಿತು.

ಹುಯ್ಯುವ ಮುಂಚೆ ಹಾಲಿನೊಳಗಿನ ಗಾಳಿ ತೆಗೆಯಬೇಕು. ಅದು ನನ್ನ ಕೆಲಸ. ದಪ್ಪ ಗಾಜಿನ ಜಾಡಿಯಲ್ಲಿ ಹಾಲನ್ನಿಟ್ಟು, ಮುಚ್ಚಳ ಬಿಗಿದು, ಪಂಪು ಹಾಕಿ ಒಳಗಿನ ಗಾಳಿಯನ್ನೆಲ್ಲ ಎಳೆಯುವುದು. ಎಳೆದಂತೆ ಹಾಲು ಉಕ್ಕಿ ಬರುತ್ತದೆ, ಬುರುಗು ಏಳುತ್ತದೆ, ಆಮೇಲೆ ಇಳಿಯುತ್ತದೆ. ಇಳಿದ ಮೇಲೂ ತಳದಿಂದ ಒಂದೊಂದು ಗುಳ್ಳೆ ನಿಧಾನವಾಗಿ ಏಳುತ್ತಿರುತ್ತದೆ. ಅದು ಪೂರ್ತಿ ನಿಲ್ಲಲು ನಲವತ್ತು ನಿಮಿಷ ಬೇಕು. ನಾವು ಎಷ್ಟೋ ಸಲ ಮಾಡಿ ನೋಡಿ ಗೊತ್ತುಮಾಡಿಕೊಂಡ ಸಮಯ ಅದು. ಜಾಡಿಯ ಮೀಟರು ಐದೇ ನಿಮಿಷದಲ್ಲಿ ಪೂರ್ತಿ ಇಳಿದು ನಿಲ್ಲುತ್ತದೆ. ಮೀಟರು ಹೇಳುವುದು ಜಾಡಿಯಲ್ಲಿ ಗಾಳಿ ಇಲ್ಲ ಎಂದು. ಹಾಲಿನಲ್ಲಿ ಇಲ್ಲ ಎಂದಲ್ಲ. ಈ ವ್ಯತ್ಯಾಸ ನನಗೆ ಗೊತ್ತಿತ್ತು. ಶೆಟ್ಟರಿಗೆ ಗೊತ್ತಿರಲಿಲ್ಲ.

ಕೊಯಮತ್ತೂರಿನ ಕುಲುಮೆ ಮಾಡುವವರೊಬ್ಬರು ಮೊದಲ ಸಲ ಇಪ್ಪತ್ತನಾಲ್ಕು ಬಿಲ್ಲೆ ಕೇಳಿದ್ದರು. ಚೆನ್ನಾಗಿ ಬಂದರೆ ವರ್ಷವಿಡೀ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಆ ವಾರ ಕರೆಂಟು ಕೈಕೊಟ್ಟು ಕೈಕೊಟ್ಟು, ಬೆಳಗ್ಗೆ ಮುಗಿಯಬೇಕಾದ, ಹಾಲನ್ನು ಅರೆದು ಕಲಸುವ ಕೆಲಸ ನಾಲ್ಕೂವರೆಗೆ ಮುಗಿಯುತ್ತಿತ್ತು. ಹಾಲನ್ನು ಮಾರನೆಯ ದಿನಕ್ಕೆ ಇಡುವ ಹಾಗಿಲ್ಲ, ತಳ ಕಟ್ಟಿಬಿಡುತ್ತದೆ. ನಾಲ್ಕೂವರೆಗೆ ಜಾಡಿಗೆ ಹಾಕಿ, ನಲವತ್ತು ನಿಮಿಷ ಕಾದು, ಹುಯ್ದು, ತೊಳೆದು ಹೊರಡುವಾಗ ಐದೂಮುಕ್ಕಾಲು.

ನನ್ನ ಬಸ್ಸು ಐದೂವರೆಗೆ. ಗುಂಡ್ಲುಪೇಟೆಗೆ ಹೋಗುವ ಆ ಬಸ್ಸು ಸ್ಟ್ಯಾಂಡಿನಿಂದ ಅಷ್ಟೇನೂ ತುಂಬದೆ ಹೊರಡುತ್ತಿತ್ತು. ಹಿಂದಿನಿಂದ ಮೂರನೇ ಸಾಲಿನಲ್ಲಿ ಮೂವರು ಶಾಲೆ ಟೀಚರುಗಳು ನನಗೆ ಸೀಟು ಹಿಡಿದಿರುತ್ತಿದ್ದರು. ಹುರಿಗಡಲೆಯೋ ಸೀಬೆಕಾಯಿಯೋ ಏನಾದರೊಂದು ಹಂಚಿಕೊಂಡು, ಹೆಡ್ಮಾಸ್ಟರರನ್ನೂ ಅತ್ತೆಯರನ್ನೂ ಆಡಿಕೊಂಡು, ಊರು ಬರುವವರೆಗೆ ನಗುತ್ತಿದ್ದೆವು. ಆ ಮುಕ್ಕಾಲು ಗಂಟೆ ನನ್ನ ದಿನದಲ್ಲಿ ನನಗಾಗಿ ಇದ್ದ ಹೊತ್ತು. ಮುಂದಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಮನೆಯಲ್ಲಿ ಮಗುವಿಗೆ ಹುಷಾರಿರಲಿಲ್ಲ, ಅತ್ತೆ ಹಾಸಿಗೆ ಹಿಡಿದಿದ್ದರು ಎಂದು ಬರೆಯಲು ಮನಸ್ಸಾಗುತ್ತದೆ. ಹಾಗೇನೂ ಇರಲಿಲ್ಲ. ಕಾರಣ ದೊಡ್ಡದಿದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೊದಲ ದಿನ ಹನ್ನೆರಡು ನಿಮಿಷಕ್ಕೆ ಪಂಪು ನಿಲ್ಲಿಸಿದೆ. ಬುರುಗು ಇಳಿದಿತ್ತು. ಮುಚ್ಚಳ ತೆಗೆದು ಶೆಟ್ಟರ ಮುಂದಿಟ್ಟೆ. ಅವರು ಬಗ್ಗಿ ನೋಡಿದರು. ಬೆರಳನ್ನು ಅಂಚಿಗಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು.

"ಆಲು ಇನ್ನೂವೆ ಉಸ್ರಾಡ್ತಾ ಅದೆ ಕಣವ್ವ. ವಸಿ ಹೊತ್ತು ಮಡಗನ."

"ಮೀಟರು ನೋಡಿ ಶೆಟ್ರೇ, ಪೂರ್ತಿ ಇಳಿದಿದೆ. ಗಾಳಿ ಎಲ್ಲ ಹೋಗಿದೆ. ಹುಯ್ರಿ."

ಅವರು ಮೀಟರಿನ ಕಡೆ ನೋಡಿದರು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು.

"ಮೀಟ್ರು ಸರಿ ಅಂದ್ಮೇಲೆ ಸರಿ ಬುಡಿ," ಎಂದು ಜಾಡಿ ಎತ್ತಿಕೊಂಡರು. ಅಚ್ಚಿನ ಅಂಚಿಗೆ ತಾಗಿಸಿ, ದಾರದಂತೆ ಸಣ್ಣಗೆ ಹುಯ್ದರು. ಹುಯ್ದ ಮೇಲೆ ಅಚ್ಚನ್ನು ಬೆರಳ ಗೆಣ್ಣಿನಿಂದ ತುಂಬ ಹೊತ್ತು ತಟ್ಟಿದರು. ಬೇರೆ ದಿನಗಳಲ್ಲಿ ಅಷ್ಟು ತಟ್ಟಿದ್ದನ್ನು ನಾನು ಕಂಡಿರಲಿಲ್ಲ. ದಾಖಲೆ ಪುಸ್ತಕದಲ್ಲಿ 'ಗಾಳಿ ತೆಗೆದ ಸಮಯ' ಎಂಬ ಕಡೆ ನಲವತ್ತು ನಿಮಿಷ ಎಂದು ಬರೆದು ಬಸ್ಸಿಗೆ ಓಡಿದೆ.

ನಾಲ್ಕು ದಿನ ಹೀಗೇ ಮಾಡಿದೆ. ಎರಡನೇ ದಿನದಿಂದ ಅವರು ಏನೂ ಕೇಳಲಿಲ್ಲ.

ಒಣಗಿಸಿ, ಸಣ್ಣ ಉರಿಯಲ್ಲಿ ಸುಟ್ಟ ಬಿಲ್ಲೆಗಳನ್ನು ನಾವು ಬೇರೆ ಊರಿಗೆ ಕಳಿಸುತ್ತೇವೆ. ಅಲ್ಲಿ ದೊಡ್ಡ ಕುಲುಮೆಯಲ್ಲಿ ಸುಟ್ಟು, ಕೊನೆಗೆ ಬಿಸಿ ಅನಿಲದ ಒತ್ತಡ ಕೊಡುತ್ತಾರೆ. ಕಣ್ಣಿಗೆ ಕಾಣದಂಥ ಸೂಕ್ಷ್ಮ ರಂಧ್ರಗಳೇನಾದರೂ ಉಳಿದಿದ್ದರೆ ಆ ಒತ್ತಡಕ್ಕೆ ಮುಚ್ಚಿಕೊಳ್ಳುತ್ತವೆ. ಗುಳ್ಳೆ ಕೂತ ಜಾಗ ಮುಚ್ಚುವುದಿಲ್ಲ. ಕಳಿಸಿ ಮೂರು ವಾರಕ್ಕೆ ವಾಪಸು ಬರುತ್ತವೆ. ಅಷ್ಟರಲ್ಲಿ ಕರೆಂಟು ಸರಿಹೋಗಿ, ಕೆಲಸ ಮತ್ತೆ ಹೊತ್ತಿಗೆ ಮುಗಿಯತೊಡಗಿ, ನಾನು ಆ ನಾಲ್ಕು ದಿನಗಳನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೆ.

ಉಜ್ಜುವ ಕೋಣೆಯಲ್ಲಿದ್ದವರು ಒಬ್ಬ ಅಕ್ಕ. ಶೆಟ್ಟರ ಊರಿನವರೇ, ಅವರ ಬೀದಿಯವರೇ. ಬಿಲ್ಲೆಗೆ ಹೊಳಪು ಬಂದು ಮೊದಲು ಬೆಳಕು ಹಾಯುವುದು ಅವರ ಕೈಯಲ್ಲಿ. ಅವತ್ತು ಬೆಳಗ್ಗೆ ಅವರು ಒಂದು ಬಿಲ್ಲೆ ಹಿಡಿದುಕೊಂಡು ನೆಟ್ಟಗೆ ನನ್ನ ಮೇಜಿಗೆ ಬಂದರು.

"ಇದ್ರೊಳಗೆ ರಾಗಿಕಾಳು ಚೆಲ್ದಂಗಾಗದೆ ನೋಡಿ ಮೇಡಂ."

ಬೆಳಕಿಗೆ ಹಿಡಿದೆ. ಉಳಿದಂತೆ ನೀರಿನ ಹಾಗೆ ತಿಳಿ. ನಡುವೆ ಸಣ್ಣ ಸಣ್ಣ ಗುಳ್ಳೆಗಳು, ಒಂದೆರಡಲ್ಲ. ಆ ವಾರದ ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಹಾಗೇ ಇದ್ದವು. ಕಾರಣ ಹುಡುಕುವ ಅಗತ್ಯವೇ ನನಗಿರಲಿಲ್ಲ.

ಮಾಲೀಕರು ಎಲ್ಲರನ್ನೂ ಎರಕದ ಕೋಣೆಗೆ ಕರೆದರು. ನಾವು ಏಳು ಜನ. ಬಿಲ್ಲೆಗಳನ್ನು ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಡಿಸಿ, ದಾಖಲೆ ಪುಸ್ತಕ ತೆರೆದರು. ಪುಡಿ ಸರಿ ಇದೆ. ನೀರಿನ ಅಳತೆ ಸರಿ ಇದೆ. ಗಾಳಿ ತೆಗೆದದ್ದು ನಲವತ್ತು ನಿಮಿಷ, ನಾಲ್ಕೂ ದಿನ.

"ಹಾಗಾದ್ರೆ ಹುಯ್ಯುವಾಗ ಗಾಳಿ ಸೇರಿದೆ," ಎಂದರು. "ಎತ್ತರದಿಂದ ಹುಯ್ದರೆ, ಇಲ್ಲಾ ಅವಸರದಲ್ಲಿ ಹುಯ್ದರೆ ಹೀಗಾಗುತ್ತೆ." ನನ್ನ ಕಡೆ ತಿರುಗಿದರು. "ನೀವು ಅಲ್ಲೇ ಇದ್ರಲ್ಲ. ಏನಾದ್ರೂ ನೋಡಿದ್ರಾ?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ತುಂಬ ಹೊತ್ತು ಇತ್ತು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಇರಲಿಲ್ಲ. ನಾನು ತಕ್ಷಣವೇ ಹೇಳಿದೆ.

"ಒಮ್ಮೊಮ್ಮೆ ಬೇಗ ಹುಯ್ದುಬಿಡ್ತಾರೆ ಸರ್."

ಅಷ್ಟೇ. ಅದಕ್ಕಿಂತ ಹೆಚ್ಚಿನ ಸುಳ್ಳು ಬೇಕಾಗಲೇ ಇಲ್ಲ.

ಶೆಟ್ಟರು ನನ್ನ ಕಡೆ ನೋಡುತ್ತಾರೆ, ಹಾಲು ಉಸಿರಾಡುತ್ತಿತ್ತು ಎಂದು ಹೇಳಿಬಿಡುತ್ತಾರೆ ಎಂದು ಕಾಯುತ್ತ ನಿಂತೆ. ಅವರು ನನ್ನನ್ನು ನೋಡಲಿಲ್ಲ. ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ, ಅಂಗೈ ನೋಡಿಕೊಂಡರು. ಮಾಲೀಕರು ಕೂಗಾಡುವವರಲ್ಲ. "ಕೊಯಮತ್ತೂರಿನವರಿಗೆ ನಾನು ಏನು ಹೇಳಲಿ ಶೆಟ್ರೇ? ವಯಸ್ಸಾಯ್ತು ನಿಮಗೆ. ನಾಳೆಯಿಂದ ಬೇಡ," ಎಂದರು.

"ಆಗ್ಲಿ ಸ್ವಾಮಿ," ಎಂದರು ಶೆಟ್ಟರು. ಗೂಟಕ್ಕೆ ಸಿಕ್ಕಿಸಿದ್ದ ಟವೆಲ್ಲು ತೆಗೆದುಕೊಂಡು ಹೊರಟುಹೋದರು.

ಇದಾದ ಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಹುಯ್ಯಲು ಹೊಸ ಹೆಂಗಸೊಬ್ಬರನ್ನು ಸೇರಿಸಿಕೊಂಡರು. ಹೆದರಿಕೊಂಡ ನಾನು ಆಮೇಲಿನ ಒಂದೊಂದು ಸಲವೂ ನಲವತ್ತಲ್ಲ, ಐವತ್ತು ನಿಮಿಷ ಪಂಪು ಓಡಿಸಿದೆ. ಬಸ್ಸು ಎಷ್ಟು ತಪ್ಪಿದರೂ ತಪ್ಪಲಿ ಎಂದು. ಮುಂದಿನ ಬಿಲ್ಲೆಗಳು ತಿಳಿಯಾಗಿ ಬಂದವು, ಒಂದರಲ್ಲೂ ಚುಕ್ಕೆಯಿಲ್ಲ. ಮಾಲೀಕರು ಒಂದನ್ನು ಕಿಟಕಿಗೆ ಹಿಡಿದು, "ನೋಡಿದ್ರಾ? ಕೈ ಬದಲಾಯಿಸಿದ್ದಕ್ಕೆ ಸರಿಹೋಯ್ತು," ಎಂದರು. ಅವರ ತರ್ಕ ಸರಿಯಾಗಿಯೇ ಇತ್ತು. ದಾಖಲೆಯಲ್ಲಿ ಬದಲಾಗಿದ್ದದ್ದು ಅದೊಂದೇ. ನಾನು ನೆಟ್ಟಗೆ ಮಾಡಿದ ಒಂದೊಂದು ಕೆಲಸವೂ ಶೆಟ್ಟರ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆರು ತಿಂಗಳಿಗೆ ನನ್ನನ್ನು ಇಡೀ ಎರಕದ ವಿಭಾಗಕ್ಕೆ ಮೇಲ್ವಿಚಾರಕಿ ಮಾಡಿದರು. ಮನೆಗೆ ಸಿಹಿ ಕೊಂಡುಹೋದೆ. ಅತ್ತೆ ಹಿಮವದ್ ಗೋಪಾಲಸ್ವಾಮಿಗೆ ಹರಕೆ ಹೊತ್ತಿದ್ದರಂತೆ, ಬೆಟ್ಟಕ್ಕೆ ಹೋಗಿಬಂದೆವು. ಮೇಲೆ ಎಲ್ಲರೂ ಕೈ ಮುಗಿದು ನಿಂತಾಗ ನಾನು ಏನು ಬೇಡಿಕೊಳ್ಳಬೇಕೆಂದು ತಿಳಿಯದೆ, ಮುಂದೆ ನಿಂತಿದ್ದವರ ಸೀರೆ ಅಂಚು ನೋಡುತ್ತ ನಿಂತಿದ್ದೆ.

ಶೆಟ್ಟರ ಸುದ್ದಿಯನ್ನು ನಾನಾಗಿ ಕೇಳುತ್ತಿರಲಿಲ್ಲ. ಉಜ್ಜುವ ಕೋಣೆಯ ಅಕ್ಕ ಊಟದ ಹೊತ್ತಿನಲ್ಲಿ ಹೇಳಿದ್ದು ಕಿವಿಗೆ ಬೀಳುತ್ತಿತ್ತು. ಮನೆಯಲ್ಲಿದ್ದ ಚಕ್ರವನ್ನು ಅಣ್ಣನ ಮಗನಿಗೆ ಕೊಟ್ಟುಬಿಟ್ಟರಂತೆ. ಮಣ್ಣು ಮುಟ್ಟುತ್ತಿಲ್ಲವಂತೆ. ಗುಂಡ್ಲುಪೇಟೆಯಲ್ಲಿ ಮಗಳ ಮನೆಗೆ ಹೋದರಂತೆ. ನಾನು ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದುಹೋಗುತ್ತಿದ್ದೆ. ಎರಡು ವರ್ಷ ಹೀಗೆ ಎದ್ದುಹೋದೆ.

ಕಳೆದ ವರ್ಷ ಮಾಲೀಕರು ನನ್ನನ್ನು ಕರೆದು, ಗಿರಾಕಿಗಳಿಗೆ ಕೊಡಲು ನಾಲ್ಕು ಪುಟದ ಒಂದು ಬರಹ ಬೇಕು ಎಂದರು. ಒಣ ಪುಡಿ ಒತ್ತಿದರೆ ಬಿಲ್ಲೆ ಹೇಗೆ ಬರುತ್ತದೆ, ರಬ್ಬರ್ ಚೀಲದಲ್ಲಿ ಒತ್ತಿದರೆ ಹೇಗೆ, ಎರಕ ಹುಯ್ದರೆ ಹೇಗೆ, ಯಾವುದರಲ್ಲಿ ಯಾವ ದೋಷ, ಯಾಕೆ. "ನಮ್ಮ ಹಳೇ ದಾಖಲೆಗಳನ್ನೇ ಇಟ್ಕೊಂಡು ಬರೀರಿ. ಆ ಗುಳ್ಳೆ ಬಂದ ಬಿಲ್ಲೆಗಳ ಫೋಟೋ ಇದೆಯಲ್ಲ, ಅದನ್ನೂ ಹಾಕಿ. ಹುಯ್ಯುವ ಕೈ ಸರಿ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ."

ಮೊದಲ ಎರಡು ಭಾಗ ಸುಲಭವಾಗಿ ಬರೆದೆ. ಮಂಜಿನ ಬಳೆ, ಬಿಟ್ಟುಕೊಳ್ಳುವ ಪದರ, ಎಲ್ಲ ಕಡೆಯಿಂದ ಸಮನಾದ ಒತ್ತಡ. ಎರಕಕ್ಕೆ ಬಂದಾಗ ಫೋಟೋದ ಕೆಳಗೆ 'ಅವಸರದಿಂದ ಹುಯ್ದದ್ದರಿಂದ ಉಂಟಾದ ಗುಳ್ಳೆಗಳು' ಎಂದು ಟೈಪು ಮಾಡಿದೆ. ಮಾಡಿ, ಅದನ್ನೇ ನೋಡುತ್ತ ಕೂತೆ. ಬಾಯಲ್ಲಿ ಒಮ್ಮೆ ಆಡಿದ ಮಾತು ಬೇರೆ. ಇದು ಅಚ್ಚಾಗಿ, ನನಗೆ ಗೊತ್ತಿಲ್ಲದ ಊರುಗಳಲ್ಲಿ, ಗೊತ್ತಿಲ್ಲದ ಜನರ ಮೇಜಿನ ಮೇಲೆ ಇರುತ್ತದೆ. ಯಾರೋ ಇದನ್ನು ಓದಿ ತಮ್ಮಲ್ಲಿ ಹುಯ್ಯುವವರ ಕೈಯನ್ನು ಅನುಮಾನದಿಂದ ನೋಡುತ್ತಾರೆ. ಆ ಸಾಲನ್ನು ಅಳಿಸಿ, 'ಗಾಳಿ ತೆಗೆಯಲು ಹನ್ನೆರಡು ನಿಮಿಷ ಮಾತ್ರ ಕೊಟ್ಟದ್ದರಿಂದ ಉಳಿದ ಗುಳ್ಳೆಗಳು' ಎಂದು ಬರೆದೆ. ಮುದ್ರಿಸಿ ಮಾಲೀಕರ ಕೋಣೆಗೆ ತೆಗೆದುಕೊಂಡು ಹೋದೆ.

ಅವರು ಓದುತ್ತ ಓದುತ್ತ ಆ ಸಾಲಿಗೆ ಬಂದು ನಿಂತರು.

"ಇದು ತಪ್ಪಲ್ವಾ? ಪುಸ್ತಕದಲ್ಲಿ ನಲವತ್ತು ಅಂತ ಇದೆ."

"ಪುಸ್ತಕದಲ್ಲಿರೋದು ಸುಳ್ಳು ಸರ್. ನಾನೇ ಬರೆದದ್ದು. ಶೆಟ್ರು ಸರಿಯಾಗೇ ಹುಯ್ದಿದ್ರು."

ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ಎರಡು ವರ್ಷ ಆಯ್ತಲ್ರೀ," ಎಂದರು. "ಆ ಮನುಷ್ಯನಿಗೆ ವಯಸ್ಸಾಯ್ತು ಅಂತ ಎಲ್ಲರ ಮುಂದೆ ಅಂದುಬಿಟ್ಟೆ ನಾನು." ಕನ್ನಡಕ ಮತ್ತೆ ಹಾಕಿಕೊಂಡು, "ನನಗೆ ಹೇಳಿದ್ದಾಯ್ತು. ಅವರಿಗೆ ಹೇಳಿದ್ದೀರಾ?" ಎಂದು ಕೇಳಿದರು.

ಇಲ್ಲ ಎಂದೆ.

"ಹೋಗಿ ಹೇಳಿ. ಬರೋದಾದ್ರೆ ಕರ್ಕೊಂಡು ಬನ್ನಿ. ಮತ್ತೆ, ನಾಳೆಯಿಂದ ದಾಖಲೆ ಪುಸ್ತಕಕ್ಕೆ ನಿಮ್ಮೊಬ್ಬರ ಸಹಿ ಸಾಲದು. ಇನ್ನೊಬ್ಬರದೂ ಬೇಕು."

ವಿಳಾಸ ಕೇಳಲು ಉಜ್ಜುವ ಕೋಣೆಯ ಅಕ್ಕನ ಬಳಿಗೆ ಹೋದೆ. ಯಾಕೆ ಎಂದರು. ಹೇಳಿದೆ. ಅವರು ಓಡುತ್ತಿದ್ದ ಯಂತ್ರ ನಿಲ್ಲಿಸಿ, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಒಂದು ಚೀಟಿಯಲ್ಲಿ ಮಗಳ ಮನೆಯ ಗುರುತೂ ಫೋನ್ ನಂಬರೂ ಬರೆದು ಕೊಟ್ಟರು.

ಭಾನುವಾರ ಗುಂಡ್ಲುಪೇಟೆಗೆ ಹೋದೆ. ಮನೆಯಲ್ಲಿ ಮಗಳು, ಅಪ್ಪ ಕೆಲಸಕ್ಕೆ ಹೋಗಿದ್ದಾರೆ ಎಂದು ಊಟಿ ರಸ್ತೆಯ ಒಂದು ಹೋಟೆಲಿನ ದಾರಿ ಹೇಳಿದರು. ಕೇರಳದ ಕಾರುಗಳು ಸಾಲುಗಟ್ಟಿ ಬಂದು ನಿಲ್ಲುವ ಜಾಗ. ಶೆಟ್ಟರು ಖಾಕಿ ಅಂಗಿ ಹಾಕಿಕೊಂಡು, ಬಾಯಲ್ಲಿ ಪೀಪಿ ಕಚ್ಚಿಕೊಂಡು, ಒಂದು ಕಾರನ್ನು ಹಿಂದಕ್ಕೆ ಬಿಡಿಸುತ್ತಿದ್ದರು. "ಮದಿ, ಮದಿ," ಎಂದು ಮಲಯಾಳದಲ್ಲಿ, ಸಾಕು ಎನ್ನುವುದಕ್ಕೆ, ಕೂಗಿ, ಕಾರಿನ ಬೆನ್ನಿಗೆ ತಟ್ಟಿದರು. ತಿರುಗಿದವರು ನನ್ನನ್ನು ಗುರುತು ಹಿಡಿದು ಪೀಪಿ ತೆಗೆದರು.

"ಅವ್ವ! ಇದೇನು ಈ ಕಡೆ? ಬೆಟ್ಟಕ್ಕೆ ಬಂದ್ರಾ?"

ಮುಖದಲ್ಲಿ ಕೋಪವಿರಲಿಲ್ಲ. ಖುಷಿಯಿತ್ತು. ನಾನು ಅದಕ್ಕೆ ಸಿದ್ಧವಾಗಿ ಬಂದಿರಲಿಲ್ಲ.

ಹುಣಸೆಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನನ್ನನ್ನು ಅದರಲ್ಲಿ ಕೂರಿಸಿ ತಾವು ಕಲ್ಲಿನ ಮೇಲೆ ಕೂತರು. ಟೀ ತರಿಸಲು ಎದ್ದರು, ಬೇಡ ಎಂದೆ. ಫ್ಯಾಕ್ಟರಿ ಹೇಗಿದೆ, ಹೊಸ ಅಚ್ಚು ಮಾಡಿದಿರಾ, ಈಗ ಯಾರು ಹುಯ್ಯುತ್ತಾರೆ ಎಂದು ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು.

"ನನ್ನಿಂದ ನಿಮ್ಗೆಲ್ಲ ಲುಕ್ಸಾನಾಗೋಯ್ತು ಕಣವ್ವ. ನನ್ ಕೈ ನಡುಗ್ತಿತ್ತು ಅಂತ ಕಾಣ್ತದೆ. ನಂಗೆ ಗೊತ್ತೇ ಆಗ್ನಿಲ್ಲ. ಅದಾದ್ಮ್ಯಾಲೆ ಮನೇಲಿ ಚಕ್ರದ್ ಮುಂದೆ ಕುಂತ್ರೂ ಅದೇ ಗ್ಯಾನ. ಕೈ ಸರಿ ಅದೋ ಇಲ್ವೋ, ಸರಿ ಅದೋ ಇಲ್ವೋ ಅಂತ. ಅಂಗೇ ಬುಟ್ಬುಟ್ಟೆ."

ಅವರಿಗೆ ಗೊತ್ತಿದೆ, ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಲು ಅವತ್ತು ಸುಮ್ಮನಿದ್ದರು ಎಂದೇ ಎರಡು ವರ್ಷ ನಂಬಿದ್ದೆ. ಅದರಲ್ಲಿ ನನಗೊಂದು ಸಮಾಧಾನವೂ ಇತ್ತು. ಅವರಿಗೆ ಗೊತ್ತಿರಲಿಲ್ಲ. ನನ್ನ ಮಾತನ್ನು, ಮೀಟರನ್ನು, ಪುಸ್ತಕವನ್ನು ನಂಬಿ, ತಮ್ಮ ಬೆರಳನ್ನು ನಂಬುವುದನ್ನು ಬಿಟ್ಟಿದ್ದರು.

"ನಿಮ್ಮ ಕೈ ನಡುಗಲಿಲ್ಲ ಶೆಟ್ರೇ," ಎಂದೆ. "ನೀವು ಹಾಲು ಉಸಿರಾಡ್ತಿದೆ ಅಂದ್ರಲ್ಲ, ಉಸಿರಾಡ್ತಿತ್ತು. ನಾನು ಹನ್ನೆರಡೇ ನಿಮಿಷಕ್ಕೆ ಪಂಪು ನಿಲ್ಲಿಸಿದ್ದೆ. ಪುಸ್ತಕದಲ್ಲಿ ಸುಳ್ಳು ಬರೆದೆ. ಆಮೇಲೆ ನಿಮ್ಮ ಮೇಲೆ ಹೇಳಿದೆ."

ಒಂದು ಕಾರು ಬಂದು ಹಾರ್ನ್ ಮಾಡಿತು. ಅವರು ಎದ್ದು ಹೋಗಿ ಅದಕ್ಕೆ ಜಾಗ ತೋರಿಸಿ ಬಂದರು. ಈ ಸಲ ಕೂರಲಿಲ್ಲ.

"ಯಾಕೆ ಬೇಗ ನಿಲ್ಸುದ್ರಿ?"

"ಬಸ್ಸಿಗೆ."

"ಬಸ್ಗಾ? ಆಮೇಲೆ ಬಸ್ಸಿರ್ನಿಲ್ವಾ?"

"ಇತ್ತು. ಅದರಲ್ಲಿ ಸೀಟು ಸಿಗ್ತಿರಲಿಲ್ಲ."

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಪೀಪಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಮಾತು ಬಂದಾಗ ದನಿ ಬೇರೆಯಾಗಿತ್ತು.

"ಅಂಗಾರೆ ನನ್ ಕೈ ಸರಿಯಾಗೇ ಇತ್ತಾ?"

"ಇತ್ತು."

"ಎಲ್ಡು ವರ್ಸ ಕಣವ್ವ. ಎಲ್ಡು ವರ್ಸ ನಾನು ಒಂದ್ ಲೋಟ ಎತ್ತುದ್ರೂ ಕೈ ನೋಡ್ಕತಿದ್ದೆ. ಮೊಮ್ಮಗೀನ ಎತ್ಕೊಳಕ್ಕೂ ಎದ್ರಿಕೆ, ಎಲ್ಲಿ ಬೀಳುಸ್ಬುಟ್ಟೇನು ಅಂತ. ನೀವು ಓದ್ದೋರು. ಓದ್ದೋರು ಸುಳ್ಳಾಡ್ತಾರೆ ಅಂತ ನಂಗೇನ್ ಗೊತ್ತು?"

ಕ್ಷಮಿಸಿ ಎಂದೆ. ಆ ಮಾತು ಅವರಿಗೆ ಕೇಳಿಸಿದಂತೆಯೇ ಕಾಣಲಿಲ್ಲ. ಮಾಲೀಕರು ಮತ್ತೆ ಕರೆಯುತ್ತಿದ್ದಾರೆ, ಬನ್ನಿ ಎಂದೆ.

"ನಾ ಬರಾಕಿಲ್ಲ," ಎಂದರು. "ಅಲ್ಲಿಗ್ ಬಂದು ನಿಮ್ ಮೊಕ ನೋಡ್ಕೊಂಡು ದಿನಾ ಎಂಗೆ ಕೆಲ್ಸ ಮಾಡದು? ಒಂದ್ ಕೆಲ್ಸ ಮಾಡಿ. ಅವತ್ತು ಅಷ್ಟ್ ಜನ ನಿಂತಿದ್ರಲ್ಲ, ಅದೇ ಕ್ವಾಣೇಲಿ, ಅವ್ರೆಲ್ಲಾರ್ ಮುಂದೆ ಯೇಳಿ. ನಂಗೂ ಕೇಳ್ಬೇಕು."

ಮಾರನೆಯ ದಿನವೇ ಮಾಲೀಕರ ಒಪ್ಪಿಗೆ ಪಡೆದು ಎಲ್ಲರನ್ನೂ ಎರಕದ ಕೋಣೆಗೆ ಕರೆದೆ. ಅವತ್ತು ಇದ್ದವರಲ್ಲಿ ಒಬ್ಬರು ಕೆಲಸ ಬಿಟ್ಟಿದ್ದರು, ಅವರನ್ನೂ ಮನೆಗೆ ಹೋಗಿ ಕರೆತಂದಿದ್ದೆ. ಅಚ್ಚುಗಳ ಬೆಂಚಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ಶೆಟ್ಟರಿಗೆ ಕರೆ ಮಾಡಿದೆ. ಆ ಕಡೆ ಕಾರುಗಳ ಸದ್ದು, ಯಾರೋ ಮಲಯಾಳದಲ್ಲಿ ಮಾತಾಡುವುದು ಕೇಳುತ್ತಿತ್ತು. ಮೊದಲೇ ಬರೆದುಕೊಂಡಿದ್ದ ಚೀಟಿ ಕೈಯಲ್ಲಿತ್ತು. ಅಕ್ಷರ ಕಾಣಲಿಲ್ಲ. ಬಾಯಿಗೆ ಬಂದಂತೆ ಹೇಳಿದೆ: ಆ ಬಿಲ್ಲೆಗಳು ಹಾಳಾದದ್ದು ನನ್ನಿಂದ, ಶೆಟ್ಟರು ಇನ್ನೂ ಸ್ವಲ್ಪ ಹೊತ್ತು ಇಡೋಣ ಎಂದಿದ್ದರು, ನಾನು ಮೀಟರು ತೋರಿಸಿ ಬಾಯಿ ಮುಚ್ಚಿಸಿದೆ, ಆಮೇಲೆ ಇದೇ ಜಾಗದಲ್ಲಿ ನಿಂತು ಅವರ ಮೇಲೆ ಹಾಕಿದೆ. ಮಾಲೀಕರೂ ಒಂದು ಹೆಜ್ಜೆ ಮುಂದೆ ಬಂದು ಫೋನಿಗೆ ಬಗ್ಗಿ, "ಶೆಟ್ರೇ, ನಾನೂ ವಿಚಾರಿಸದೆ ಮಾತಾಡಿದೆ. ನನ್ನದೂ ತಪ್ಪು," ಎಂದರು.

ಆ ಕಡೆ ಒಮ್ಮೆ ಪೀಪಿ ಊದಿದ್ದು ಕೇಳಿಸಿತು.

"ಕೇಳುಸ್ತು," ಎಂದರು ಶೆಟ್ಟರು. "ಮಡುಗ್ತೀನಿ."

ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಬದಲಾವಣೆ ಗೊತ್ತಾಗುತ್ತಿತ್ತು. ಹುಯ್ಯುವ ಹೆಂಗಸು ಈಗ ಜಾಡಿಯ ಮುಂದೆ ತಾವೇ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಮೀಟರು ನೋಡುವುದಿಲ್ಲ, ಹಾಲನ್ನು ನೋಡುತ್ತಾರೆ. ನಾನು ಆಯಿತು ಎಂದರೆ, "ಇರಿ ಮೇಡಂ, ಇನ್ನೊಂದ್ ಗುಳ್ಳೆ ಬರ್ತಾ ಅದೆ," ಎನ್ನುತ್ತಾರೆ. ಪುಸ್ತಕದಲ್ಲಿ ನನ್ನ ಸಹಿಯ ಪಕ್ಕದಲ್ಲಿ ಅವರ ಸಹಿ ಇರುತ್ತದೆ. ನಾಲ್ಕು ಪುಟದ ಬರಹ ನಾನು ತಿದ್ದಿದಂತೆಯೇ ಅಚ್ಚಾಯಿತು. ಉಜ್ಜುವ ಕೋಣೆಯ ಅಕ್ಕ ತಿಂಗಳುಗಟ್ಟಲೆ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮನೆಯಲ್ಲಿ ನಾನು ಇದನ್ನು ಹೇಳಿದ್ದು ಬಹಳ ತಡವಾಗಿ. ಅತ್ತೆ ಕೇಳಿಸಿಕೊಂಡು, ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆ, "ಹೇಳಿದ್ದು ಸರಿ. ಮೊದಲೇ ಹೇಳ್ಬೇಕಿತ್ತು," ಎಂದರು.

ಈ ವರ್ಷ ದೀಪಾವಳಿಗೆ ನಾಲ್ಕು ದಿನ ಇರುವಾಗ ಅಕ್ಕ ಹುಲ್ಲು ತುಂಬಿದ ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗೆ ಮಣ್ಣಿನ ಹಣತೆಗಳು. ಶೆಟ್ಟರು ಅಣ್ಣನ ಮಗನಿಂದ ಚಕ್ರ ವಾಪಸು ತರಿಸಿಕೊಂಡು, ಗುಂಡ್ಲುಪೇಟೆಯಲ್ಲಿ ಮಗಳ ಮನೆಯ ಹಿತ್ತಲಲ್ಲಿ ಹಾಕಿದ್ದಾರಂತೆ. ಹೋಟೆಲಿನ ಕೆಲಸವನ್ನೂ ಬಿಟ್ಟಿಲ್ಲವಂತೆ. ಫ್ಯಾಕ್ಟರಿಯವರಿಗೆಲ್ಲ ಕೊಡು ಎಂದು ಕಳಿಸಿದ್ದರು. ಅಕ್ಕ ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಹಂಚುತ್ತ ಕೊನೆಗೆ ನನ್ನ ಮೇಜಿಗೆ ಬಂದರು. ಪೆಟ್ಟಿಗೆಯಲ್ಲಿ ಇನ್ನೂ ಉಳಿದಿದ್ದವು.

"ನಿಮ್ಗೆ ಕೊಡು ಅಂತ ಅವ್ರು ಯೇಳ್ನಿಲ್ಲ," ಎಂದರು. "ಕೊಡ್ಬ್ಯಾಡ ಅಂತಾನೂ ಯೇಳ್ನಿಲ್ಲ. ನೀವೇ ನೋಡಿ."

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೋದರು. ಒಂದು ಹಣತೆಯನ್ನು ಎತ್ತಿ ನೋಡಿದೆ. ಅಂಚು ಒಂದೇ ಸಮನಾಗಿತ್ತು, ಬತ್ತಿ ಇಡುವ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದ ಗುರುತು ಹಾಗೇ ಉಳಿದಿತ್ತು. ಅದನ್ನು ಎಲ್ಲಿಂದ ತೆಗೆದಿದ್ದೆನೋ ಅಲ್ಲೇ ಹುಲ್ಲಿನೊಳಗೆ ವಾಪಸು ಇಟ್ಟೆ. ಸಂಜೆ ಪೆಟ್ಟಿಗೆಯನ್ನು ಅಕ್ಕನಿಗೆ ಕೊಟ್ಟು, "ಅವರನ್ನ ಕೇಳಿ ನೋಡಿ. ಕೊಡು ಅಂದ್ರೆ ತಗೋತೀನಿ," ಎಂದೆ. ಅಕ್ಕ ಕೇಳುತ್ತೇನೆ ಎಂದಿದ್ದಾರೆ.